ಬಾಜೂಕ ಯಾರದಾರ?

ಮಸೂತಿ ಊರಿನ ಕಾಂತು ಊಟಕ್ಕೆ ಕುಳಿತವನು ರೊಟ್ಟಿ ಮುರಿಯುವುದನ್ನು ಬಿಟ್ಟು, ಪಲ್ಯ ಬಡಿಸುತ್ತಿದ್ದ ಹೆಂಡತಿ ಸುಜಾತಾಳ ಕೈಯನ್ನೇ ದಿಟ್ಟಿಸಿದ.

"ಕೈ ಏನ ವಾಸನಿ ಹೊಡ್ಯಾಕತ್ತೇತಿ?"

"ವಾರ್ನಿಶ್ ರೀ. ಮೋಟರಕ್ಕ ಹಚ್ಚತೇವಿ. ಎಷ್ಟ ತೊಳದ್ರೂ ಹೋಗಂಗಿಲ್ಲ."

"ಹೆಣ್ಮಕ್ಕಳಿಗೆ ಪುಕ್ಕಟ ಮೋಟರ ಕಟ್ಟೂದು ಯಾರ ಕಲಸ್ತಾರ? ಮ್ಯಾಲ ಊಟಾನೂ ಹಾಕ್ತಾರಂತ. ಏನೋ ಐತಿ ಇದ್ರಾಗ."

"ಸುಮ್ಮ ಉಣ್ಣೋ," ಎಂದಳು ಒಲೆಯ ಮುಂದಿದ್ದ ಅವನ ತಾಯಿ ತಿಪ್ಪವ್ವ.

ಕಾಂತು ಕೆಟ್ಟವನೇನಲ್ಲ. ಟೆಂಪೊ ಓಡಿಸಿ ನಿಯತ್ತಿನಿಂದ ದುಡಿಯುತ್ತಿದ್ದ, ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಇದ್ದ ಚಟ ಒಂದೇ, ಅನುಮಾನ. ಚಹಾದಂಗಡಿಯವನು ಒಂದು ಗುಟುಕು ಹೆಚ್ಚು ಹಾಕಿದರೆ ಯಾಕೆ ಹಾಕಿದ ಎಂದು ಸಂಜೆಯವರೆಗೆ ಯೋಚಿಸುವ ಆಸಾಮಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಪುಕ್ಕಟೆಯ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಕೊಲ್ಹಾರದ ಕಡೆ ಹಿನ್ನೀರಿನ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಬಲ್ಲ ಹುಡುಗರೆಲ್ಲ ಪುಣೆಗೆ ಹೋಗಿಬಿಟ್ಟಿದ್ದರು. ಕೊಲ್ಹಾರದಲ್ಲಿ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ ಶಂಕ್ರೆಪ್ಪ ಬೇಸತ್ತು, ಬಸವನ ಬಾಗೇವಾಡಿಯ ಸಮುದಾಯ ಕಾಲೇಜಿಗೆ ಬಂದು "ನೀವು ಕಲಸ್ರಿ, ಕೆಲಸ ನಾ ಕೊಡ್ತೇನಿ" ಎಂದಿದ್ದ. ಕಾಲೇಜು ಪುಕ್ಕಟೆ ತರಬೇತಿ ತೆರೆಯಿತು; ಹೆಣ್ಣುಮಕ್ಕಳೇ ಹೆಚ್ಚಾಗಿ ಬಂದರು, ಸುಜಾತಾಳೂ ಅವರಲ್ಲೊಬ್ಬಳು. ಆದರೆ ಊರಿಗೆ ಗೊತ್ತಿದ್ದದ್ದು ಕಾಂತುವಿಗೆ ಸಾಲುತ್ತಿರಲಿಲ್ಲ.

ಹೀಗಾಗಿ ಅವನು ಫೋನ್ ಮಾಡುತ್ತಿದ್ದ. ಗಾಡಿಗೆ ಲಿಂಬೆಹಣ್ಣು ತುಂಬುವಾಗ, ಇಳಿಸುವಾಗ, ಚಹಾ ಕುಡಿಯುವಾಗ.

"ಎಲ್ಲಿ ಅದೀ?"

"ಕಾಲೇಜಿನ್ಯಾಗ ಅದೀನ್ರಿ."

"ಬಾಜೂಕ ಯಾರದಾರ?"

"ನಿಷತ ಅದಾಳ್ರಿ."

"ಆಕಿ ಕೈಯಾಗ ಕೊಡು."

ಜೊತೆಗೆ ಕಲಿಯುತ್ತಿದ್ದ ನಿಷತ ಫೋನ್ ಇಸಿದುಕೊಂಡು "ನಾನ ರೀ ಅಣ್ಣಾ, ನಿಷತ" ಎಂದು ಸಾಕ್ಷಿ ಹೇಳುತ್ತಿದ್ದಳು. ಫೋನ್ ಎತ್ತದಿದ್ದರೆ ಮರುದಿನ ಕಾಲೇಜು ಬಂದ್ ಎಂದು ಕಾಂತು ಮೊದಲೇ ಹೇಳಿಟ್ಟಿದ್ದ. ಪಾಪ, ಸುಜಾತಾ ಮಾಡುವುದಾದರೂ ಏನು?

ಶಂಕ್ರೆಪ್ಪ ಪರೀಕ್ಷೆ ನೋಡಿ ಒಬ್ಬರನ್ನು ಆರಿಸಿಕೊಳ್ಳುವ ದಿನ ಬಂತು. ಸುಜಾತಾ ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಬಾಗಿಲಲ್ಲಿ ನಿಂತು, "ಇವತ್ತ ಮಧ್ಯಾಹ್ನದ ತನಕ ಫೋನ್ ಮಾಡಬ್ಯಾಡ್ರಿ" ಎಂದಳು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಬಸ್ಸು ಹೊರಟದ್ದೇ ತಡ, ಕಾಂತು ಅದರ ಹಿಂದೆಯೇ ಟೆಂಪೊ ಓಡಿಸಿದ.

ಕಾಲೇಜಿನ ಕಿಟಕಿಯ ಮರೆಯಲ್ಲಿ ನಿಂತು ಒಳಗೆ ಇಣುಕಿದ. ಸುಜಾತಾ ಬಾಯಲ್ಲೇ ಎಣಿಸುತ್ತ ತಾಮ್ರದ ತಂತಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಶಂಕ್ರೆಪ್ಪ ಕೈಕಟ್ಟಿ ನಿಂತಿದ್ದ. ಅವಳ ಬಾಯಿಂದ ಒಂದು ಸುಳ್ಳು ಹೊರಬಿದ್ದರೆ ಸಾಕು ಎಂದುಕೊಂಡು ಕಾಂತು ಫೋನ್ ಹಚ್ಚಿದ.

ಫೋನ್ ರಿಂಗಾದದ್ದೇ ಅವಳ ಕೈ ನಿಂತಿತು. ತಂತಿ ಸಡಿಲಾಯಿತು.

"ಎಲ್ಲಿ ಅದೀ?"

"ಕಾಲೇಜಿನ್ಯಾಗ ಅದೀನ್ರಿ. ಪರೀಕ್ಷಾ ನಡದೈತಿ."

"ಬಾಜೂಕ ಯಾರದಾರ?"

"ಅಂಗಡಿ ಸಾವ್ಕಾರ್ರು ಅದಾರ್ರಿ. ನಿಷತ ಅದಾಳ. ಮೇಡಮ್ಮರು ಅದಾರ."

ಎಲ್ಲವೂ ನಿಜ. ಕಾಂತು ಫೋನ್ ಕಟ್ ಮಾಡಿ ಕಿಟಕಿಗೆ ಕಿವಿಗೊಟ್ಟ.

"ಎಲ್ಲೀತನಕ ಎಣಿಸಿದ್ದಿ?" ಶಂಕ್ರೆಪ್ಪ ಕೇಳಿದ.

ಸುಜಾತಾ ತಂತಿ ನೋಡಿದಳು. "ತಪ್ಪೇತ್ರಿ. ಬಿಚ್ಚಿ ಮೊದಲಿಂದ ಸುತ್ತತೇನಿ."

"ಸುತ್ತು ಹೆಚ್ಚುಕಮ್ಮಿ ಆದ್ರ ರೈತನ ಮೋಟರ ಸುಡತೈತಿ, ಬೈಗುಳ ನಾ ತಿನ್ನತೇನಿ. ಮೊನ್ನೆ ನಾ ಬಂದಾಗನೂ ಹಿಂಗ ಕೆಲಸಾ ಬಿಟ್ಟಿದ್ದಿ. ಅಷ್ಟ ಅರ್ಜಂಟ್ ಯಾರವ್ವ ಅದು?"

ಸುಜಾತಾ ತಲೆ ತಗ್ಗಿಸಿದಳು. "ಮನ್ಯಾಗ ನಮ್ಮ ಅತ್ತಿಯವರಿಗೆ ಆರಾಮ ಇಲ್ರಿ. ಗಳಿಗಿಗೊಮ್ಮಿ ಫೋನ್ ಮಾಡ್ತಾರ."

ಸುಳ್ಳು! ತಿಂಗಳುಗಟ್ಟಲೆ ಹುಡುಕಿದ ಸುಳ್ಳು ಕೊನೆಗೂ ಕಾಂತುವಿನ ಕಿವಿಗೆ ಬಿದ್ದಿತ್ತು. ಅವನ ತಾಯಿ ಬೆಳಿಗ್ಗೆ ಎಮ್ಮೆ ಮೈ ತೊಳೆದು ಎರಡು ಬುಟ್ಟಿ ಸೆಗಣಿ ಹೊತ್ತಿದ್ದಳು. ಗಂಡನ ಮಾನ ಉಳಿಸಲು ಹೆಂಡತಿ ಹೇಳಿದ ಸುಳ್ಳು ಅದು ಎಂದು ತಿಳಿದಾಗ ಅವನಿಗೆ ನಿಂತಲ್ಲೇ ನಾಚಿಕೆಯಾಯಿತು.

"ಕೆಲಸಾ ಚಲೋ ಐತವ್ವ, ಖರೇ. ಆದ್ರ ನಿನ್ನ ತಗೊಂಡ್ರ ನನ್ನ ಅಂಗಡಿ ನಡ್ಯೂದಿಲ್ಲ," ಎಂದು ಶಂಕ್ರೆಪ್ಪ ಮುಂದಿನ ಮೇಜಿಗೆ ಹೊರಟ.

ಕಾಂತು ಒಳಗೆ ಬಂದ. "ನಮ್ಮವ್ವಗ ಏನೂ ಆಗಿಲ್ರಿ ಸಾವ್ಕಾರ್ರ. ಫೋನ್ ಮಾಡಾಂವ ನಾನು. ಆಕಿ ಗಂಡ."

"ಯಾಕ ಮಾಡ್ತಿದ್ಯೋ?"

ಎಲ್ಲ ಹೆಣ್ಣುಮಕ್ಕಳೂ ತಿರುಗಿ ನೋಡಿದರು. "ಸಂಶಯ ಬಂದಿತ್ರಿ," ಎಂದ ಕಾಂತು, ನೆಲ ನೋಡುತ್ತ. "ತಪ್ಪು ನಂದು. ಆಕಿಗೆ ಇನ್ನೊಂದ್ಸಲ ಸುತ್ತಾಕ ಕೊಡ್ರಿ."

ಕಲಿಸುವ ಭುವನೇಶ್ವರಿ ಮೇಡಂ ಶಂಕ್ರೆಪ್ಪನ ಮುಖ ನೋಡಿದರು. ಅವನು ಹೂಂ ಎಂದ.

ಸುಜಾತಾಳಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇವರು ಇಲ್ಲಿಗೆ ಯಾಕೆ ಬಂದರು? ಮನೆಗೆ ಹೋದ ಮೇಲೆ ಏನು ಕಾದಿದೆ? ತಂತಿ ಸುತ್ತತೊಡಗಿದಳು, ಆದರೆ ಕಣ್ಣು ಮತ್ತೆ ಮತ್ತೆ ಮೇಜಿನ ಮೇಲಿನ ಫೋನಿಗೆ ಹೋಗುತ್ತಿತ್ತು. ಫೋನ್ ರಿಂಗಾಗಲಿಲ್ಲ. ಆದರೂ ಲೆಕ್ಕ ತಪ್ಪಿತು.

ಕಾಂತು ಅದನ್ನು ನೋಡಿದ. ಕಿಸೆಯಿಂದ ತನ್ನ ಫೋನ್ ತೆಗೆದು ಅವಳ ಫೋನಿನ ಬಾಜೂಕ್ಕೆ ಇಟ್ಟ. "ಇದೂ ಇಲ್ಲೇ ಇರಲಿ," ಎಂದು ಹೊರಗೆ ಹೋಗಿ ಟೆಂಪೊದಲ್ಲಿ ಕುಳಿತ.

ಸುಜಾತಾ ಬಿಚ್ಚಿ ಮತ್ತೆ ಒಂದರಿಂದ ಶುರುಮಾಡಿದಳು. ಈ ಸಲ ತಲೆ ಎತ್ತಲಿಲ್ಲ. ಮುಗಿದ ಮೇಲೆ ಶಂಕ್ರೆಪ್ಪ ತಾನೇ ಕುಳಿತು ಸುತ್ತುಗಳನ್ನು ಎಣಿಸಿದ. "ಸೋಮಾರದಿಂದ ಬಾರವ್ವ," ಎಂದ.

ಅವಳು ಟೆಂಪೊ ಹತ್ತಿ ಸುದ್ದಿ ಹೇಳಿದಳು. ಕಾಂತು "ಚಲೋ ಆತು" ಎಂದು ಕೈ ಚಾಚಿದ. "ಫೋನ್ ಕೊಡು."

ಸುಜಾತಾ ಎರಡೂ ಫೋನುಗಳನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. "ಇವತ್ತೊಂದ ದಿನ ನನ್ನ ಹತ್ರಾನ ಇರಲಿ ರೀ."

ಯಾಕೆ ಎಂಬ ಮಾತು ಕಾಂತುವಿನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಗಾಡಿ ಚಾಲೂ ಮಾಡಿದ.