ಎಸ್. ಹಾಲೇಶ್ ಅವರ ಹದಿನೇಳು

ಸತ್ಯಪ್ರಕಾಶ ಬೆಳಿಗ್ಗೆ ಎದ್ದವನೇ ಹಲ್ಲುಜ್ಜುವುದಕ್ಕೂ ಮೊದಲು ಫೋನಿನಲ್ಲಿ ತನ್ನ ಸಂಖ್ಯೆ ನೋಡಿಕೊಳ್ಳುತ್ತಿದ್ದ. ಗುಜರಾತಿನ ಮಣಿನಗರದ ಆ ಮೂರನೇ ಮಹಡಿಯಲ್ಲಿ ಎದುರು ಮನೆಯ ಅಮೃತ್‌ಭಾಯಿ ಷೇರು ಪೇಟೆ ತೆರೆಯುವುದನ್ನು ಕಾಯುತ್ತಿದ್ದರೆ, ಈ ಮನೆಯ ವಿಜ್ಞಾನಿ ಕಾಯುತ್ತಿದ್ದದ್ದು ಇದನ್ನು. ಅಮೃತ್‌ಭಾಯಿಯ ಪೇಟೆ ಮಧ್ಯಾಹ್ನ ಮೂರೂವರೆಗಾದರೂ ಮುಚ್ಚುತ್ತಿತ್ತು. ಸತ್ಯಪ್ರಕಾಶನದಕ್ಕೆ ಬಾಗಿಲೇ ಇರಲಿಲ್ಲ.

ಸಂಖ್ಯೆ ಹದಿನೇಳು. ಅದರ ಅರ್ಥ ಇಷ್ಟೇ: ಅವನ ಹದಿನೇಳು ಪ್ರಬಂಧಗಳನ್ನು ಬೇರೆ ಸಂಶೋಧಕರು ತಲಾ ಹದಿನೇಳು ಸಲವಾದರೂ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆ. ಎಚ್-ಇಂಡೆಕ್ಸ್ ಎಂದು ಅದರ ಹೆಸರು. ಇಪ್ಪತ್ತಾರು ವರ್ಷ ಉತ್ತರ ಗುಜರಾತಿನ ಬಾವಿಗಳಲ್ಲಿ ಬಾಟಲಿ ಮುಳುಗಿಸಿ, ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದ ಮನುಷ್ಯನನ್ನು ಈಗ ಅಳೆಯುವುದು ಆ ಒಂದು ಅಂಕಿಯಿಂದ. ಹದಿನೈದಕ್ಕಿಂತ ಕಡಿಮೆ ಇದ್ದವರಿಗೆ ಬಡ್ತಿಯಿಲ್ಲ ಎಂದು ಎಲ್ಲಿಯೂ ಬರೆದಿಲ್ಲ. ಆದರೆ ಸಂಸ್ಥೆಯ ಕ್ಯಾಂಟೀನಿನಲ್ಲಿ ಚಹಾ ಕೊಡುವವನಿಗೂ ಅದು ಗೊತ್ತು. ಹಿಂದೆ ಎರಡು ಸಲ ಸಮಿತಿ ಅವನನ್ನು ನಯವಾಗಿ ವಾಪಸು ಕಳಿಸಿತ್ತು. ಮೂರನೆಯ ಸಂದರ್ಶನ, ಅಂದರೆ ಕೊನೆಯದು, ಹತ್ತಿರದಲ್ಲೇ ಇದ್ದ ಒಂದು ಶುಕ್ರವಾರ.

ತೊಂದರೆ ಏನೆಂದರೆ, ಆ ಹದಿನೇಳರಲ್ಲಿ ನಾಲ್ಕು ಅವನವಲ್ಲ. ತಂಗಿ ಸುಮಿತ್ರಾಳವು.

ಇದಕ್ಕೆಲ್ಲ ಮೂಲ ನಮ್ಮ ಕಡೆ ಹೆಸರು ಬರೆಯುವ ರೀತಿ. ದಾವಣಗೆರೆಯ ಹಾಲೇಶ ಮೇಷ್ಟರ ಮಕ್ಕಳು ಶಾಲೆಯ ದಾಖಲೆಯಲ್ಲಿ ಎಚ್. ಸತ್ಯಪ್ರಕಾಶ ಮತ್ತು ಎಚ್. ಸುಮಿತ್ರಾ. ಅಪ್ಪನ ಹೆಸರಿನ ಒಂದಕ್ಷರ, ತನ್ನ ಹೆಸರು, ಮುಗಿಯಿತು. ಗುಜರಾತಿಗೆ ಬಂದರೆ ಪ್ರತಿ ಕಚೇರಿಯಲ್ಲೂ ಮೊದಲ ಪ್ರಶ್ನೆ, "ಅಟಕ್ ಶುಂ ಛೇ?" ಮನೆತನದ ಹೆಸರೇನು? ಇಲ್ಲ ಎಂದರೆ ಗುಮಾಸ್ತ ಇವನಿಗೆ ಮನೆಯೇ ಇಲ್ಲವೇನೋ ಎಂಬಂತೆ ತಲೆಯಿಂದ ಕಾಲಿನವರೆಗೆ ನೋಡುತ್ತಾನೆ. ಸತ್ಯಪ್ರಕಾಶ ಆ ಖಾನೆಯಲ್ಲಿ ಅಪ್ಪನ ಹೆಸರನ್ನೇ ತುಂಬಿದ. ಆರು ವರ್ಷಗಳ ನಂತರ ಪಿಎಚ್‌ಡಿ ಮಾಡಲು ವಡೋದರಾಕ್ಕೆ ಬಂದ ತಂಗಿಗೂ ಅದೇ ಉಪಾಯ ಹೇಳಿಕೊಟ್ಟ. ಹೀಗೆ ಪ್ರಬಂಧಗಳ ತಲೆಯ ಮೇಲೆ ಇಬ್ಬರೂ ಎಸ್. ಹಾಲೇಶ್ ಆದರು. ಇಬ್ಬರ ವಿಷಯವೂ ನೀರೇ: ಅವನದು ಬಾವಿಯದು, ಅವಳದು ಬಣ್ಣದ ಕಾರ್ಖಾನೆಗಳು ಹೊರಗೆ ಬಿಡುವಂಥದ್ದು. ಪ್ರಬಂಧಗಳ ಲೆಕ್ಕವಿಡುವ ಜಾಲತಾಣಕ್ಕೆ ಅಣ್ಣ ಯಾರು, ತಂಗಿ ಯಾರು?

ಮೂರು ವರ್ಷದ ಹಿಂದೆ ಒಂದು ದಿನ ಆ ಜಾಲತಾಣವೇ ಕೇಳಿತ್ತು: ಈ ನಾಲ್ಕು ಪ್ರಬಂಧಗಳೂ ನಿಮ್ಮವೇ? ಕೆಳಗೆ ಹೌದು, ಅಲ್ಲ ಎಂಬ ಎರಡು ಗುಂಡಿ. ಸತ್ಯಪ್ರಕಾಶ ಹೌದು ಎಂಬುದನ್ನು ಒತ್ತಿದ. ಕನ್ನಡಕ ಮೂಗಿನ ಮೇಲೇ ಇತ್ತು, ಬೆರಳೂ ಜಾರಿರಲಿಲ್ಲ. ಸುಮಿತ್ರಾ ಸಂಶೋಧನೆ ಬಿಟ್ಟು ಆಗಲೇ ಒಂಬತ್ತು ವರ್ಷ ಕಳೆದಿತ್ತು. ಅವಳ ಗಂಡ ಸುಧನ್ವನನ್ನು ಬ್ಯಾಂಕಿನವರು ಸೂರತ್‌ಗೆ ವರ್ಗ ಮಾಡಿದ್ದರು, ಅವಳು ಅಲ್ಲಿನ ಸಚಿನ್ ಎಂಬ ಕೈಗಾರಿಕಾ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಬಣ್ಣದ ಮಾದರಿ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಳು. ಅವಳಿಗೆ ಬೇಡದ್ದು ಮನೆಯೊಳಗೇ ಉಳಿಯಿತಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನುಷ್ಯ ತನಗೆ ಹೇಳಿಕೊಳ್ಳುವ ಸಮಾಧಾನವನ್ನು ಯಾರೂ ತಿದ್ದಿ ವಾಪಸು ಕಳಿಸುವುದಿಲ್ಲವಲ್ಲ.

ಒಂದು ಭಾನುವಾರ ಸುಮಿತ್ರಾಳ ಫೋನು ಬಂತು.

"ಅಣ್ಣಾ, ಸಂಶೋಧನೆ ಬಿಟ್ಟು ಮತ್ತೆ ಬರೋ ಹೆಂಗಸರಿಗೆ ಅಂತ ಸರ್ಕಾರದ್ದೊಂದು ಫೆಲೋಶಿಪ್ ಐತೆ. ಅರ್ಜಿ ಹಾಕ್ತಿದೀನಿ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ದಾಟತೈತೆ, ಇದೇ ಕೊನೇ ಸಲ. ಆದ್ರೆ ನನ್ನ ಹೆಸರಲ್ಲಿ ಒಂದೂ ಪೇಪರ್ ತೋರಿಸ್ತಿಲ್ಲ. ಯಾರೋ ತಗೊಂಡಿದಾರೆ. ನಿಂಗೆ ಇದೆಲ್ಲ ಗೊತ್ತಲ್ಲ, ಒಂಚೂರು ನೋಡ್ತೀಯಾ?"

ಸತ್ಯಪ್ರಕಾಶ ಕ್ಯಾಲೆಂಡರಿನತ್ತ ತಿರುಗಿದ. "ನೋಡ್ತೀನಿ. ಲಾಸ್ಟ್ ಡೇಟ್ ಯಾವಾಗ?"

"ಈ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ. ಸಂಜೆ ಐದು ಗಂಟೆ."

ಒಂಬತ್ತು ದಿನ. ಅವನ ಸಂದರ್ಶನದ ಶುಕ್ರವಾರ ಬರುವುದು ಅದಾದ ಮೂರು ದಿನಕ್ಕೆ. ತಿದ್ದುಪಡಿ ಕೋರಿದರೆ ಜಾಲತಾಣದಲ್ಲಿ ಅದು ಕಾಣಿಸಲು ಮೂರು ದಿನ ಬೇಕು. ಅಲ್ಲ ಎಂದು ಒತ್ತಿದರೆ ಶುಕ್ರವಾರದ ಹೊತ್ತಿಗೆ ಸಮಿತಿಯ ಪರದೆಯ ಮೇಲೆ ಹದಿಮೂರು. ಶುಕ್ರವಾರ ಕಳೆದ ಮೇಲೆ ಒತ್ತಿದರೆ ಅವನಿಗೇನೂ ನಷ್ಟವಿಲ್ಲ. ಆದರೆ ಮಂಗಳವಾರ ಶುಕ್ರವಾರಕ್ಕಿಂತ ಮೊದಲು ಬರುವುದನ್ನು ತಪ್ಪಿಸಲು ಯಾವ ವಿಜ್ಞಾನಿಯಿಂದಲೂ ಆಗದು. ಅವನಿಗೆ ಅನ್ನ ಸೇರಲಿಲ್ಲ. "ಸಂದರ್ಶನಕ್ಕೆ ಇಷ್ಟು ಹೆದರೋದಾ? ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಹೆಂಡತಿ ವರ್ಷಿಣಿ ದಿನಕ್ಕೆ ಮೂರು ಸಲ ಕೇಳಿದಳು. ಬುಧವಾರ ಸುಮಿತ್ರಾ "ನೋಡಿದ್ಯಾ ಅಣ್ಣ?" ಎಂದು ಸಂದೇಶ ಕಳಿಸಿದಾಗ, "ಅವರಿಗೆ ಬರೆದೀನಿ, ಉತ್ತರ ಬಂದಿಲ್ಲ" ಎಂದು ಬರೆದ. ಸುಳ್ಳು ಬರೆದ ಬೆರಳನ್ನು ಪಂಚೆಗೆ ಒರೆಸಿಕೊಂಡ. ಏನೂ ಅಂಟಿರಲಿಲ್ಲ, ಆದರೂ ಒರೆಸಿಕೊಂಡ.

ಸೋಮವಾರ ಸಂಜೆ ಅವನು ಸಂದರ್ಶನಕ್ಕೆ ಸ್ಲೈಡುಗಳನ್ನು ತಯಾರಿಸಲು ಕುಳಿತ. ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧವನ್ನು ಮೊದಲ ಸ್ಲೈಡಿನಲ್ಲೇ ವಿವರಿಸಬೇಕು ಎಂಬುದು ಸಮಿತಿಯ ನಿಯಮ. ಮುನ್ನೂರ ಹನ್ನೆರಡು ಉಲ್ಲೇಖಗಳ ಆ ಪ್ರಬಂಧ ಸುಮಿತ್ರಾಳದು, ಶೇಂಗಾ ಸಿಪ್ಪೆಯ ಇದ್ದಿಲಿನಿಂದ ನೀರಿನ ಬಣ್ಣ ತೆಗೆಯುವುದರ ಬಗ್ಗೆ. ವಿವರಿಸಬೇಕೆಂದರೆ ಓದಬೇಕು. ತನ್ನದೆಂದು ಮೂರು ವರ್ಷ ತೋರಿಸಿಕೊಂಡದ್ದನ್ನು ಅವನು ಅಂದೇ ಮೊದಲ ಸಲ ಪೂರ್ತಿ ಓದಿದ.

ಆ ಸಿಪ್ಪೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಣಿನಗರ ಸ್ಟೇಷನ್ ಹಿಂದಿನ ಎಣ್ಣೆ ಗಿರಣಿಯಿಂದ ತಿಂಗಳಿಗೊಂದು ಚೀಲ ಹೊತ್ತು ಪ್ಯಾಸೆಂಜರ್ ಗಾಡಿಯಲ್ಲಿ ವಡೋದರಾಕ್ಕೆ ಒಯ್ಯುತ್ತಿದ್ದವನು ಅವನೇ. ಜೊತೆಗೆ ತನ್ನ ಬಾವಿ ನೀರಿನ ಬಾಟಲಿಗಳನ್ನೂ ಒಯ್ಯುತ್ತಿದ್ದ, ಏಕೆಂದರೆ ಆಗ ಅವನ ಸಂಸ್ಥೆಯ ಯಂತ್ರ ಎರಡು ವರ್ಷ ಕೆಟ್ಟು ಕೂತಿತ್ತು. ಸುಮಿತ್ರಾ ಮೊಣಕೈವರೆಗೆ ನೀಲಿಯಾದ ಕೈಯಲ್ಲೇ ಹಾಸ್ಟೆಲಿನಿಂದ ಓಡಿ ಬರುತ್ತಿದ್ದಳು. ಅಲ್ಲಿನ ಫತೇಗಂಜ್‌ನ ತಳ್ಳುಗಾಡಿಯಲ್ಲಿ ಖಾರದ ಸೇವ್ ಉಸಳ್ ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರು. ಬಾಟಲಿಗಳು ಅವಳ ಲ್ಯಾಬಿಗೆ ಹೋಗಿ, ಅಂಕಿಗಳಾಗಿ ಅವನ ಕೈಗೆ ವಾಪಸು ಬರುತ್ತಿದ್ದವು.

ಪ್ರಬಂಧದ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿತ್ತು: ಶೇಂಗಾ ಸಿಪ್ಪೆಯನ್ನು ಪ್ರತಿ ತಿಂಗಳು ಹೊತ್ತು ತಂದುಕೊಟ್ಟ ನನ್ನ ಅಣ್ಣ ಸತ್ಯಪ್ರಕಾಶನಿಗೆ ಕೃತಜ್ಞತೆಗಳು.

ಸತ್ಯಪ್ರಕಾಶ ಲ್ಯಾಪ್‌ಟಾಪ್ ಮುಚ್ಚಿದ.

ಮರುದಿನ ಬೆಳಿಗ್ಗೆ ಮಣಿನಗರದಲ್ಲೇ ಸೂರತ್ ಗಾಡಿ ಹತ್ತಿದ. ವಡೋದರಾ ಬಂದಾಗ ಇಳಿದು ವಾಪಸು ಹೋಗಿಬಿಡಲೇ ಎಂದು ಬಾಗಿಲವರೆಗೂ ಹೋದ. ಹತ್ತುವವರ ನೂಕಿಗೆ ಸಿಕ್ಕಿ ಒಳಗೇ ಬಂದ. ಅವನ ಒಳ್ಳೆಯತನಕ್ಕೆ ಅಂದು ಆ ಜನರ ಮೊಣಕೈಗಳ ನೆರವೂ ಬೇಕಾಯಿತು ಎನ್ನಬೇಕು. ಸಚಿನ್‌ನಲ್ಲಿದ್ದ ತಂಗಿಯ ಮನೆ ಮುಟ್ಟಿದಾಗ ಮೂರು ಗಂಟೆ. ಗಾಳಿಯಲ್ಲಿ ರಾಸಾಯನಿಕದ ಘಾಟು. ಸುಮಿತ್ರಾ ರಜೆ ಹಾಕಿ ಅರ್ಜಿಯ ಮುಂದೆ ಕುಳಿತಿದ್ದಳು.

ನೀರು ಕುಡಿಯುವುದಕ್ಕೂ ಮೊದಲೇ ಅವನು ಹೇಳಿದ. "ಸುಮಿ, ಆ ಪೇಪರ್ ತಗೊಂಡೋನು ನಾನೇ."

"ಗೊತ್ತೈತೆ."

ಅವನು ಹೆಗಲ ಚೀಲವನ್ನು ಕೆಳಗಿಟ್ಟ.

"ನೀನು ಒತ್ತಿದ ದಿನಾನೇ ನಂಗೆ ಮೇಲ್ ಬಂದಿತ್ತು ಅಣ್ಣ, ಇವರು ತಮ್ಮದು ಅಂತಾರೆ, ತಕರಾರು ಐತೇನು ಅಂತ. ಪ್ರೊಫೈಲಲ್ಲಿ ನಿನ್ನ ಫೋಟೋನೂ ಇತ್ತು. ಆಗ ನಂಗೆ ಅವು ಬೇಕಿರಲಿಲ್ಲ. ಅಣ್ಣಂಗಾದ್ರೂ ಆಗ್ಲಿ ಅಂತ ಸುಮ್ನಾದೆ." ಅವಳು ಮುಂದಿದ್ದ ಅರ್ಜಿಯತ್ತ ಬೆರಳು ತೋರಿಸಿದಳು. "ಈಗ ಬೇಕಾತು. ಫೋನ್ ಮಾಡಿದೆ. ನೀನೇ ಬಾಯಿ ಬಿಟ್ಟು ಹೇಳ್ತೀಯೇನೋ ಅಂತ ಒಂಬತ್ತು ದಿನ ಕಾದೆ. ಅವರಿಗೆ ಬರೆದೀನಿ ಅಂದ್ಯಲ್ಲ, ಅವತ್ತು ಅತ್ತೆ."

ಅವನಿಗೂ ಅಳು ಬಂತು, ಆದರೆ ಅಳುವುದಕ್ಕೆ ಸಮಯವಿರಲಿಲ್ಲ. ಜಾಲತಾಣ ಈಗ ತಿದ್ದಿದರೂ ಶುಕ್ರವಾರಕ್ಕೇ ಕಾಣುವುದು. ಅರ್ಜಿ ಇಂದೇ ಐದಕ್ಕೆ ಮುಚ್ಚುತ್ತದೆ. ಉಳಿದದ್ದು ಒಂದೇ ದಾರಿ: ಈ ನಾಲ್ಕು ಪ್ರಬಂಧಗಳು ಇವಳವು ಎಂದು ಸದ್ಯ ಅವು ಯಾರ ಹೆಸರಿನಲ್ಲಿವೆಯೋ ಅವರೇ ಸಹಿ ಮಾಡಿದ ಪತ್ರ. ಅವನು ಮೊದಲು ನಾಲ್ಕಕ್ಕೂ ಅಲ್ಲ ಎಂದು ಒತ್ತಿದ. ನಂತರ ಪತ್ರ ಟೈಪ್ ಮಾಡಿದ. ಕಣ್ತಪ್ಪಿನಿಂದ ನನ್ನ ಪಟ್ಟಿಗೆ ಸೇರಿಹೋಗಿದ್ದವು ಎಂದು ಬರೆದು ಅವಳತ್ತ ತಿರುಗಿಸಿದ.

ಸುಮಿತ್ರಾ ಓದಿದಳು. ಅವಳ ಕಣ್ಣು ಆ ಒಂದು ಪದದ ಮೇಲೆ ನಿಂತಿದ್ದು ಅವನಿಗೂ ಕಂಡಿತು. "ಸಾಕು. ಹಿಂಗೇ ಇರ್ಲಿ," ಎಂದಳು. "ಶುಕ್ರವಾರ ನಿನ್ನ ಇಂಟರ್‌ವ್ಯೂ ಐತೆ. ಇದು ಎಲ್ಲೆಲ್ಲಿಗೆ ಹೋಗತೈತೋ."

ಅವಳು ಬೈದಿದ್ದರೆ ಅವನು ಆ ಪದವನ್ನು ಉಳಿಸಿಕೊಳ್ಳುತ್ತಿದ್ದನೇನೋ. ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡು, ಕಣ್ತಪ್ಪಿನಿಂದ ಎಂಬುದನ್ನು ಅಳಿಸಿ, ನನ್ನದಲ್ಲವೆಂದು ತಿಳಿದೂ ನಾನೇ ಸೇರಿಸಿಕೊಂಡಿದ್ದೆ ಎಂದು ಬರೆದ. ಕೆಳಗೆ ಸಹಿ ಹಾಕಿದ. ನಾಲ್ಕು ಮುಕ್ಕಾಲಿಗೆ ಅರ್ಜಿ ಹೋಯಿತು. ಫೆಲೋಶಿಪ್ ಸಿಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಸುಮಿತ್ರಾ ಅವನಿಗೆ ಚಪಾತಿ, ಪಲ್ಯ ಬಡಿಸಿದಳು, ಅವನು ತಿಂದ.

ವಾಪಸು ಬರುವ ಗಾಡಿಯಲ್ಲಿ ಅವನಿಗೆ ಹಗುರವೆನಿಸಲಿಲ್ಲ, ಭಯವೇ ಇತ್ತು. ಅವನ ಬಡ್ತಿಯ ಅರ್ಜಿಯಲ್ಲಿ ಹದಿನೇಳು, ಪರದೆಯಲ್ಲಿ ಹದಿಮೂರು. ನಾಲ್ಕು ಎಲ್ಲಿ ಹೋದವು ಎಂದು ಶುಕ್ರವಾರ ಸಮಿತಿಯ ಐದು ಜನ ಕೇಳುತ್ತಾರೆ, ಹೇಳಬೇಕು. ಲ್ಯಾಪ್‌ಟಾಪ್ ತೆಗೆದು ಮೊದಲ ಸ್ಲೈಡನ್ನು ಅಳಿಸಿದ. ಈಗ ಪಟ್ಟಿಯ ಮೊದಲಲ್ಲಿದ್ದದ್ದು ಅವನದೇ ಹಳೆಯ ಪ್ರಬಂಧ, ಮೆಹಸಾಣಾದ ನಲವತ್ತು ಬಾವಿಗಳ ಬಗ್ಗೆ. ಅರವತ್ತೊಂದು ಉಲ್ಲೇಖ. ಕಡಿಮೆಯಾದರೂ ಇದು ನನ್ನದು, ಪೂರ್ತಿ ನನ್ನದು ಎಂದುಕೊಂಡು ಓದತೊಡಗಿದ. ಅಂಕಿಗಳ ಕೋಷ್ಟಕ ಬಂತು. ಎರಡು ವರ್ಷ ತಂಗಿಯ ಲ್ಯಾಬಿನಿಂದ ತಿಂಗಳು ತಿಂಗಳು ಅವನ ಕೈಗೆ ಬಂದ ಅಂಕಿಗಳು.

ಅವನು ತಡವರಿಸುತ್ತ ಕೊನೆಯ ಪುಟಕ್ಕೆ ಹೋದ. ಸಣ್ಣ ಅಕ್ಷರಗಳಲ್ಲಿ ನಿರ್ದೇಶಕರಿಗೆ ಕೃತಜ್ಞತೆ ಇತ್ತು, ಅನುದಾನ ಕೊಟ್ಟವರಿಗೆ ಇತ್ತು, ಜೀಪು ಓಡಿಸಿದ ಮಹೇಶ್‌ಭಾಯಿಗೂ ಇತ್ತು. ಸುಮಿತ್ರಾಳ ಹೆಸರು ಇರಲಿಲ್ಲ.