ಹಜರಾಬಿಯ ಬಾಗಿಲವರೆಗೆ

ನನಗೆ ಮಾತು ಜಾಸ್ತಿ, ಒಪ್ಪುತ್ತೇನೆ. ನಲವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿದು ಶ್ವಾಸಕೋಶ ಕೆಟ್ಟಿತೇ ಹೊರತು ಬಾಯಿ ಕೆಡಲಿಲ್ಲ. ಆದರೆ ನನಗೆ ದಮ್ಮು ಹತ್ತಿದ್ದೇ ತಡ, ಮಗ ಕಲ್ಲಿನಾಥ ಓಡಿಬಂದು, "ಕುಂದ್ರ ಯವ್ವಾ," ಅನ್ನುತ್ತಿದ್ದ. ನಮ್ಮ ಮಾದನಹಿಪ್ಪರಗಾದಲ್ಲಿ ಕಾಯಿಲೆ ಬಿದ್ದವರಿಗೆ ತಂಬಿಗೆ ಎತ್ತಲೂ ಬಿಡುವುದಿಲ್ಲ, ಅದೇ ಪ್ರೀತಿ. ಆ ಪ್ರೀತಿಯಲ್ಲಿ ಎಂಟು ತಿಂಗಳು ಕೂತೆ. ಕೊನೆಗೆ ಅಂಗಳ ದಾಟಿದರೂ ಏದುಸಿರು.

ಹತ್ತು ಮನೆ ಆಚೆ ಗೆಳತಿ ಹಜರಾಬಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅವಳನ್ನು ನೋಡದೆ ನನ್ನ ಜೀವ ಕೊರಗುತ್ತಿತ್ತು. ಕಲ್ಲಿನಾಥ ಬೈಕಿನ ಮೇಲೆ ಒಯ್ಯುತ್ತೇನೆಂದ. ಜೋಳದ ಚೀಲದ ಹಾಗೆ ಹೋಗುವವಳು ನಾನಲ್ಲ.

ಆಳಂದದ ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವ ಸಪ್ನಾ ಎಂಬ ಹುಡುಗಿ ಇದ್ದಾಳೆ. ಹುಕುಂ ಮಾಡುತ್ತಾಳೆಂದು ಜಗಳಕ್ಕೇ ತಯಾರಾಗಿ ಮಗನ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಅವಳು, "ಯವ್ವಾ, ನಿಮಗ ಎಲ್ಲಿಗಿ ನಡದು ಹೋಗಬೇಕಂತ ಆಸೆ ಅದರಿ?" ಅಂದಳು. ಅರವತ್ತೆಂಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹಜರಾಬಿಯ ಹೆಸರು ಹೇಳಿದೆ.

"ವಾರಕ್ಕ ಎರಡು ಸಲ ಇಲ್ಲಿಗಿ ಬಂದು ವ್ಯಾಯಾಮ ಮಾಡಬಹುದರಿ, ನಾವು ನೋಡ್ಕೋತೇವಿ. ಮನ್ಯಾಗೂ ಮಾಡಬಹುದು, ಆಗ ನಿಮ್ಮನ್ನ ನೀವೇ ನೋಡ್ಕೋಬೇಕು. ತೀರ್ಮಾನ ನಿಮ್ದರಿ."

"ನಡದ್ರ ದಮ್ಮು ಹತ್ತತದಲ್ಲರಿ?" ಅಂದ ಕಲ್ಲಿನಾಥ.

"ಸ್ವಲ್ಪ ಹತ್ತಲಿರಿ. ಎರಡು ಮಾತಾಡಾಕ ಬರೋತನಕ ನಡೀಲಿ, ಬರಲಿಲ್ಲಂದ್ರ ನಿಲ್ಲಲಿ. ಎದಿ ನೋವು ಬಂದ್ರ ಮಾತ್ರ ತಡಾ ಮಾಡದ ದವಾಖಾನಿಗಿ ಕರ್ಕೊಂಡು ಬರ್ರಿ."

ಬಸ್ಸು ಬೇಡ, ನಮ್ಮ ಓಣಿಯೇ ಸಾಕು ಎಂದೆ. ಮರುದಿನದಿಂದ ಮಗನನ್ನು ಬೈಯುತ್ತಾ ನಡೆದೆ. ಅವನು ಪ್ಲಾಸ್ಟಿಕ್ ಕುರ್ಚಿ ಹೊತ್ತು ಹಿಂದೆ ಬರುತ್ತಿದ್ದ. ಬೈಗುಳ ಅರ್ಧಕ್ಕೆ ನಿಂತರೆ ನಾನೂ ನಿಲ್ಲುತ್ತಿದ್ದೆ. ಮೊದಲ ವಾರ ಎರಡು ಮನೆ, ತಿಂಗಳಿಗೆ ಆರು. ಓಣಿಯವರು ನಕ್ಕರು. ನಗಲಿ, ಅವರ ಗಂಟೇನು ಹೋಗುತ್ತದೆ?

ಎರಡನೆಯ ತಿಂಗಳ ಒಂದು ಮುಂಜಾನೆ ಹಜರಾಬಿಯ ಹೊಸ್ತಿಲು ದಾಟಿದೆ. ಹೇಳುವುದು ರಾಶಿ ಇತ್ತು, ಉಸಿರಿರಲಿಲ್ಲ. ಅವಳು ನನ್ನ ಕೈ ಹಿಡಿದು ಹಾಸಿಗೆಯ ಅಂಚಿಗೆ ಕೂರಿಸಿಕೊಂಡಳು.

"ಯಾರು ಕರ್ಕೊಂಡು ಬಂದ್ರು ಬೇ ಗುರಮ್ಮಾ?"

"ಯಾರೂ ಇಲ್ಲ. ನಾನೇ ಬಂದೇನಿ."

"ನಾ ಸತ್ತಾಗ ಮಣ್ಣು ಕೊಡಾಕ ಹ್ಯಾಂಗಾದ್ರೂ ಬರ್ತಿ ಅಂತ ಗೊತ್ತಿತ್ತು. ಇದ್ದಾಗೇ ಬಂದೀ ಬೇ."

ಸಪ್ನಾ ಕೇಳಿದ್ದನ್ನು ಹೇಳಿದೆ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಾ ಇಬ್ಬರೂ ಅತ್ತೆವು.