ಯಜಮಾನನಿಲ್ಲದ ಜಾಲ

ಮೆಂತ್ಯ ಸೊಪ್ಪಿನ ಎರಡನೇ ಕಟ್ಟು ಬಿಡಿಸುತ್ತಿದ್ದ ಕಾಂತಾಳಿಗೆ ನಡುಮನೆಯಿಂದ ಗಂಡನ ಭಾಷಣ ಕೇಳಿಸುತ್ತಿತ್ತು. ಕೊಲ್ಲಿ ದೇಶದ ಜುಫೈರಿನ ಆ ಕಟ್ಟಡದಲ್ಲಿ ಶುಕ್ರವಾರವೆಂದರೆ ಎಲ್ಲರಿಗೂ ರಜೆ, ಬಾಲಸುಬ್ರಹ್ಮಣ್ಯನ ನಾಲಿಗೆಯೊಂದನ್ನು ಬಿಟ್ಟು.

"ಇದರಲ್ಲಿ ಮೇಲು ಕೀಳು ಅಂತಿಲ್ಲ, ಮುಂಡಪ್ಪನವರೇ," ಎನ್ನುತ್ತಿದ್ದ, ಅಂಗೈಯಗಲದ ಬಿಳಿ ವೈಫೈ ಪೆಟ್ಟಿಗೆಯೊಂದನ್ನು ಪ್ರಸಾದದಂತೆ ಹಿಡಿದು. "ಮೆಶ್ ನೆಟ್‌ವರ್ಕ್ ಅಂದ್ರೆ ಇದೇ. ನಿಮ್ಮನೇಲೊಂದು, ನಮ್ಮನೇಲೊಂದು, ಮೇಲಿನ ಮಹಡೀಲೊಂದು ಹಾಕಿದೀನಲ್ಲ. ಪ್ರತಿಯೊಂದೂ ಪಕ್ಕದ್ದರ ಮಾತನ್ನ ಇಸ್ಕೊಂಡು ಮುಂದಕ್ಕೆ ದಾಟಿಸುತ್ತೆ. ಒಂದು ಕೆಟ್ರೆ ಇನ್ನೊಂದರ ಮೇಲೆ ಸುತ್ತಿ ಹೋಗುತ್ತೆ. ಬೀದಿದೀಪ, ಕಾರ್ಖಾನೆ ಮೀಟರು, ಭೂಕಂಪ ಆದ ಊರಿನ ಫೋನು, ಎಲ್ಲಾದಕ್ಕೂ ಬಳಸ್ತಾರೆ. ಒಬ್ಬನೇ ಎಲ್ಲಾನೂ ಹಿಡ್ಕೊಂಡು ಕೂರೋ ಕಾಲ ಹೋಯ್ತು!"

"ಎಂತ ಮಾರಾಯ್ರೆ, ಇದು ನಮ್ಮ ಜಯಶೀಲಳ ಹಾಗೆಯೇ ಉಂಟಲ್ಲ!" ಎಂದರು ಕೆಳಮಹಡಿಯ ಮುಂಡಪ್ಪ. ಟುಬ್ಲಿಯಲ್ಲಿ ಏಸಿ ರಿಪೇರಿ ಅವರ ಕಸುಬು. "ಒಂದು ಬಾಗಿಲು ಹಾಕಿದ್ರೆ ಇನ್ನೊಂದು ಮನೆಯಿಂದ ಸುದ್ದಿ ದಾಟಿಸ್ತಾಳೆ."

"ನಾನೊಬ್ಬಳು ಸಿಕ್ಕಿದೆ ನಿಮಗೆ," ಎಂದು ಗಂಡನನ್ನು ಗದರಿ ಜಯಶೀಲಾ ಅಡುಗೆಮನೆಗೆ ಬಂದು ಸೊಪ್ಪಿಗೆ ಕೈಹಾಕಿದಳು. "ಕಾಂತಕ್ಕ, ಪತ್ರ ಕಳಿಸಿದ್ರಾ? ಇವತ್ತು ಸಂಜೆ ಒಳಗೆ ನಿಮ್ಮ ಒಪ್ಪಿಗೆ ಬರದಿದ್ದರೆ ಕನ್ನಡ ಕ್ಲಾಸಿಗೆ ಬೇರೆ ಟೀಚರನ್ನು ತೆಕ್ಕೊಳ್ತಾರಂತೆ. ಕ್ಲಾಸು ನಡೆಸುವ ಜ್ಯೋತ್ಸ್ನಾ ಮೇಡಂ ಹೇಳಿದ್ರು."

ಕಾಂತಾಳ ಕೈ ನಿಂತಿತು. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಪಾಠ ಹೇಳುತ್ತಿದ್ದವಳು ಅವಳು. ಇಲ್ಲಿಯ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ತಾನಾಗಿಯೇ ಹುಡುಕಿಕೊಂಡು ಬಂದಿತ್ತು. ಒಪ್ಪಿಗೆಯ ಪತ್ರವನ್ನು ಈದ್ ರಜೆಗೂ ಮುಂಚೆಯೇ ಫೋನಿನಲ್ಲಿ ಬರೆದಿಟ್ಟಿದ್ದಳು. "ನಾನೊಂದ್ಸಲ ನೋಡದೆ ಕಳಿಸ್ಬೇಡ" ಎಂದಿದ್ದ ಗಂಡ. ಮೊದಲು ನೋಡಿದಾಗ ಅಲ್ಪವಿರಾಮ ತಪ್ಪೆಂದ. ಮತ್ತೆ ನೋಡಿದಾಗ ಒಕ್ಕಣೆಗೆ ತೂಕ ಸಾಲದೆಂದ. ಆಮೇಲೆ ಪುರುಸೊತ್ತಾಗಲಿಲ್ಲ. ಆ ಮನೆಯಿಂದ ಮೂಲೆಯ ದಿನಸಿ ಅಂಗಡಿ ಕೋಲ್ಡ್ ಸ್ಟೋರಿಗೆ ಮೊಸರು ತರಲು ಹೇಳಿಕಳಿಸಬೇಕಾದರೂ ಆ ಮಾತು ಅವನ ಕಣ್ಣಡಿಯಲ್ಲೇ ಹೊರಡಬೇಕು.

"ರೀ, ನನ್ನ ಪತ್ರ ಇವತ್ತು..." ಎನ್ನುತ್ತ ಬಾಗಿಲಿಗೆ ಬಂದಳು.

"ನೋಡ್ತೀನಮ್ಮಾ. ಕೊನೇ ಪ್ಯಾರಾ ನಾನೇ ಬರೀಬೇಕು. ಈಗಿಲ್ಲಿ ಡೆಮೋ ನೋಡು!" ಅವನು ತಮ್ಮ ಮನೆಯ ಪೆಟ್ಟಿಗೆಯ ಸ್ವಿಚ್ಚು ಆರಿಸಿದ. "ನಮ್ಮದು ಕೆಟ್ಟುಹೋಯ್ತು ಅಂತಿಟ್ಕೋ. ಫೋನಿನ ಡೇಟಾ ಬಂದ್ ಮಾಡು. ಈಗ ಏನಾದ್ರೂ ಕಳಿಸು, ಯಾರಿಗಾದ್ರೂ. ಮುಂಡಪ್ಪನವರ ಮನೆ ಪೆಟ್ಟಿಗೆ ಹಿಡ್ಕೊಂಡು ಹೋಗುತ್ತೆ."

"ಏನಾದ್ರೂನಾ?"

"ಏನಾದ್ರೂ ಕಣೇ! ಒಂದೊಂದಕ್ಕೂ ನನ್ನ ಕೇಳ್ತಾ ನಿಂತ್ರೆ ಡೆಮೋ ಆದ ಹಾಗೇ!"

ಕಾಂತಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದು ಡೇಟಾ ಆರಿಸಿದಳು. ಜಯಶೀಲಾ ಮೆಲ್ಲಗೆ ಕೆಮ್ಮಿದಳು. ಪತ್ರ ಅಲ್ಲೇ ಇತ್ತು, ತಪ್ಪಿದ ಅಲ್ಪವಿರಾಮ, ತೂಕ ಸಾಲದ ಒಕ್ಕಣೆಯ ಸಮೇತ. ಹೆಬ್ಬೆರಳಿನಿಂದ ಒತ್ತಿದಳು. ಪರದೆಯ ಮೇಲೆ ಚಕ್ರ ಒಂದು ಗಳಿಗೆ ತಿರುಗಿ ನಿಂತಿತು.

"ಹೋಯ್ತಾ?" ಬಾಲಸುಬ್ರಹ್ಮಣ್ಯನಿಗೆ ತಡೆಯಲಾಗಲಿಲ್ಲ.

"ಹೋಯ್ತು ರೀ."

"ನೋಡಿದ್ರಾ ಮುಂಡಪ್ಪನವರೇ!" ಅವನು ಚಪ್ಪಾಳೆ ತಟ್ಟಿದ. "ನಮ್ಮನೆ ಪೆಟ್ಟಿಗೆ ಬಾಯಿ ಮುಚ್ಕೊಂಡಿದ್ರೂ ಕೆಲಸ ನಿಲ್ಲಲಿಲ್ಲ!"